ಹುಲ್ಲಿನ ತೇವ, ಬಣವೆಯ ಕಾವು: ಉದ್ದ ಸರಳಿನ ಮೀಟರ್ ಜೊತೆ ಎರಡು ವರ್ಷ

ಒಣಹುಲ್ಲಿನ ತೇವಾಂಶವನ್ನೂ ಕಾವನ್ನೂ ಅಳೆಯುವ ಮೀಟರ್ ತಂದ ಮೇಲೆ ನಮ್ಮ ಹೊಲದಲ್ಲಿ ಎರಡು ಬಿತ್ತನೆ, ಐದು ಕೊಯ್ಲು ಮುಗಿದು ಈಗ ಮೂರನೇ ಬಿತ್ತನೆ ಶುರುವಾಗಿದೆ. ಕೊಳ್ಳುವ ಮೊದಲು ಬಳಸಿದವರ ಮಾತಿಗಾಗಿ ತುಂಬ ಹುಡುಕಿದ್ದೆ. ಸಿಕ್ಕಿದ್ದೆಲ್ಲ "ಚೆನ್ನಾಗಿದೆ", "ಮೋಸವಿಲ್ಲ" ಅನ್ನುವ ಒಂದು ಸಾಲಿನ ಮಾತುಗಳೇ. ಹೊಲದಲ್ಲಿ ಸಾಲಾಗಿ ಬಿದ್ದಿರುವ ಹುಲ್ಲಿಗೆ ಚುಚ್ಚಿದರೆ ಅದು ತೋರಿಸುವ ಅಂಕಿಯನ್ನು ನಂಬಬಹುದೇ, ಕ್ಲೋವರ್ (ಮೂರೆಲೆಯ ದ್ವಿದಳ ಮೇವು) ಬೆರೆತ ಹುಲ್ಲಿಗೂ ಬರೀ ಹುಲ್ಲಿಗೂ ಲೆಕ್ಕ ಒಂದೇನಾ, ಬಣವೆ ಒಟ್ಟಿದ ಮೇಲೆ ಅದರಿಂದ ಏನು ಉಪಯೋಗ, ಇದನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕಿಲ್ಲ. ಈ ಬಗೆಯ ಮೀಟರನ್ನು ಹಲವರು ಮಾಡುತ್ತಾರೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ, ಹಾಗಾಗಿ ನನ್ನ ಅನುಭವ ಬೇರೆಯದನ್ನು ಕೊಂಡವರಿಗೂ ಹೊಂದುತ್ತದೆ.

ನೋಡಲು ದೊಡ್ಡ ಸಾಮಾನೇನಲ್ಲ. ಟಾರ್ಚಿನಷ್ಟು ದಪ್ಪದ ಹಿಡಿ, ಅದರ ಮುಂದೆ 50 ಸೆಂಟಿಮೀಟರ್ ಉದ್ದದ ಸ್ಟೀಲ್ ಸರಳು. ಸರಳು ಕಿರುಬೆರಳಿಗಿಂತ ಸಪೂರ, ತುದಿ ಪೆನ್ಸಿಲ್ ಕೆತ್ತಿದ ಹಾಗೆ ಚೂಪು. ತುದಿಗೂ ಉಳಿದ ಸರಳಿಗೂ ನಡುವೆ ಉಗುರಿನಷ್ಟು ಅಗಲದ ಬಿಳಿ ಪ್ಲಾಸ್ಟಿಕ್ ಉಂಗುರವಿದೆ. ಮೀಟರಿನ ಜೀವ ಇರುವುದು ಆ ಉಂಗುರದಲ್ಲೇ. ತುದಿಯಿಂದ ಸರಳಿಗೆ ಹುಲ್ಲಿನ ಮೂಲಕ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಅದು ನೋಡುತ್ತದೆ. ಹಸಿ ಹುಲ್ಲಿನಲ್ಲಿ ಸಲೀಸಾಗಿ ಹರಿಯುತ್ತದೆ, ಒಣಗಿದ್ದರಲ್ಲಿ ಹರಿಯುವುದಿಲ್ಲ. ಅದನ್ನೇ ಶೇಕಡಾ ಲೆಕ್ಕಕ್ಕೆ ತಿರುಗಿಸಿ ಪರದೆಯ ಮೇಲೆ ತೋರಿಸುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ತುದಿಯಲ್ಲಿರುವ ಕಾವು ಎಷ್ಟು ಡಿಗ್ರಿ ಎಂದು ಬರುತ್ತದೆ. ಇಷ್ಟೇ ಕೆಲಸ. ನಾನು ಕೊಂಡದ್ದು ತೇವಾಂಶಕ್ಕಾಗಿ, ಆದರೆ ಈ ಎರಡನೇ ಗುಂಡಿಯನ್ನೇ ಈಗ ಹೆಚ್ಚು ಒತ್ತುತ್ತೇನೆ.

ಕೊಳ್ಳಬೇಕಾಗಿ ಬಂದ ಕಾರಣ ಹೇಳಬೇಕು. ಆ ವರ್ಷ ಮೊದಲ ಕೊಯ್ಲಿನ ಹುಲ್ಲು ಹೊಲದಲ್ಲಿ ಮೂರು ದಿನ ಒಣಗಿತ್ತು. ನಾಲ್ಕನೇ ದಿನ ಮಧ್ಯಾಹ್ನ ಮೋಡ ಕಟ್ಟತೊಡಗಿತು. ನಮ್ಮತ್ತೆ ಒಂದು ಹಿಡಿ ಹುಲ್ಲು ಎತ್ತಿ ಹಗ್ಗದ ಹಾಗೆ ಹೊಸೆದು ನೋಡಿ, "ಇದಕ್ಕೆ ಇನ್ನೊಂದು ಬಿಸಿಲು ಬೇಕು ಕಣಮ್ಮ, ನೆಂದರೆ ನೆನೆಯಲಿ ಬಿಡು" ಅಂದರು. ನಮಗೆ ಧೈರ್ಯ ಬರಲಿಲ್ಲ. ಮಳೆ ಬೀಳುವ ಮೊದಲು ಅಂತ ಅವಸರವಾಗಿ ಪೆಂಡಿ ಕಟ್ಟಿಸಿ, ರಾತ್ರಿ ಹತ್ತರವರೆಗೂ ಹೊತ್ತು ಶೆಡ್ಡಿನಲ್ಲಿ ಒಟ್ಟಿದೆವು. ಹನ್ನೊಂದನೇ ದಿನ ಬೆಳಿಗ್ಗೆ ಹಾಲು ಕರೆಯಲು ಹೋದಾಗ ಕೊಟ್ಟಿಗೆಯಲ್ಲಿ ಸುಟ್ಟ ಸಕ್ಕರೆಯಂಥ ವಾಸನೆ. ಶೆಡ್ಡಿನ ತಗಡಿನ ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿದ್ದವು. ಪೆಂಡಿಗಳ ನಡುವೆ ಕೈ ತೂರಿಸಿದೆ, ಮೊಣಕೈ ಮುಟ್ಟುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು.

ಆ ದಿನ ನಾವು ಮಾಡಿದ್ದು ಮಾಡಬಾರದ ಕೆಲಸ. ನಮ್ಮ ಯಜಮಾನರು ಬಣವೆಯ ನೆತ್ತಿಗೆ ಹತ್ತಿ ಪೆಂಡಿಗಳನ್ನು ಕೆಳಕ್ಕೆ ಎಸೆಯಲು ಶುರು ಮಾಡಿದರು. ಒಳಗೆ ಕಾವೇರಿದ ಬಣವೆಯಲ್ಲಿ ಹುಲ್ಲು ಕರಕಾಗಿ ಟೊಳ್ಳು ಬಿದ್ದಿರಬಹುದು, ಮೇಲೆ ಕಾಲಿಟ್ಟವರು ಅದರೊಳಕ್ಕೆ ಕುಸಿಯಬಹುದು. ಬಿಸಿ ಪೆಂಡಿಯನ್ನು ಹೊರಗೆಳೆದಾಗ ಗಾಳಿ ಸಿಕ್ಕಿ ಅಲ್ಲೇ ಭಗ್ಗನೆ ಹೊತ್ತಿಕೊಳ್ಳಲೂಬಹುದು. ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಅವತ್ತು ಬೆಂಕಿ ಹತ್ತಲಿಲ್ಲ. ನಡುವಿನ ನಲವತ್ತು ಪೆಂಡಿ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಶೆಡ್ಡಿನ ಗೋಡೆಯಾಚೆಗೇ ಹಸುಗಳು ಇದ್ದವು. ಆ ರಾತ್ರಿ ನಾನು ಮಲಗಲಿಲ್ಲ. ಮಾರನೇ ವಾರವೇ ಮೀಟರ್ ತರಿಸಿದೆ.

ಹುಲ್ಲು ತಾನಾಗಿ ಬಿಸಿಯಾಗುವುದು ಹೇಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಕೊಯ್ದ ಹುಲ್ಲು ಕೊಯ್ದ ಕೂಡಲೇ ಸಾಯುವುದಿಲ್ಲ. ನಿಂತ ಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಅದು ಶೇ 40ರ ಆಸುಪಾಸಿಗೆ ಇಳಿಯುವವರೆಗೂ ಗಿಡದ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ, ತಮ್ಮ ಸಕ್ಕರೆಯನ್ನು ತಾವೇ ಉರಿಸುತ್ತಿರುತ್ತವೆ. ಅದಕ್ಕಿಂತ ಕೆಳಗೆ ಇಳಿದ ಮೇಲೆ ಸರದಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳದ್ದು. ಶೇ 20ಕ್ಕಿಂತ ಹೆಚ್ಚು ತೇವವಿದ್ದಾಗ ಬಿಗಿಯಾಗಿ ಕಟ್ಟಿ ಒಂದರ ಮೇಲೊಂದು ಒಟ್ಟಿದರೆ ಅವು ಹುಟ್ಟಿಸಿದ ಕಾವು ಹೊರಗೆ ಹೋಗಲು ದಾರಿ ಸಿಗುವುದಿಲ್ಲ. 70 ಡಿಗ್ರಿ ಹತ್ತಿರವಾದರೆ ಆ ಸೂಕ್ಷ್ಮಜೀವಿಗಳೂ ಸಾಯುತ್ತವೆ, ಆದರೆ ಅಷ್ಟರೊಳಗೆ ಬರೀ ರಾಸಾಯನಿಕ ಕ್ರಿಯೆಯೇ ಕಾವನ್ನು ಮುಂದಕ್ಕೆ ಒಯ್ಯಲು ಶುರು ಮಾಡಿರುತ್ತದೆ. ಬೆಂಕಿ ಬೀಳುವುದು ಸಾಮಾನ್ಯವಾಗಿ ಒಟ್ಟಿದ ಎರಡರಿಂದ ಆರು ವಾರದೊಳಗೆ. ರೋಮನ್ನರ ಕಾಲದ ಕೃಷಿ ಬರಹಗಳಲ್ಲೂ ಹಸಿಹುಲ್ಲು ಒಟ್ಟಬೇಡಿ, ಕಾವೇರಿ ಬೆಂಕಿ ಹುಟ್ಟುತ್ತದೆ ಎಂಬ ಎಚ್ಚರಿಕೆ ಇದೆ.

ಆ ಕಂದು ಪೆಂಡಿಗಳ ವಿಷಯ ಇನ್ನೂ ಒಂದಿದೆ. ಹಸುಗಳು ಅದನ್ನು ಆಸೆಯಿಂದ ತಿಂದವು, ಸಿಹಿಯಾಗಿತ್ತಲ್ಲ. ಹಾಗಾದರೆ ನಷ್ಟವೇನಿಲ್ಲ ಅಂದುಕೊಂಡಿದ್ದೆವು. ಆದರೆ ಹುಲ್ಲು ಹಾಗೆ ಕಂದಾಗುವುದು ಸಕ್ಕರೆ ಮತ್ತು ಪ್ರೋಟೀನ್ ಕಾವಿನಲ್ಲಿ ಒಂದಕ್ಕೊಂದು ಅಂಟಿಕೊಂಡಾಗ. ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು, ಅವರ ಹೆಸರೇ ಅದಕ್ಕಿದೆ. ಅಂಟಿಕೊಂಡ ಪ್ರೋಟೀನ್ ಹಸುವಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ಸಗಣಿಯಲ್ಲಿ ಹೋಗುತ್ತದೆ. ಆ ಚಳಿಗಾಲದಲ್ಲಿ ಹೊಟ್ಟೆ ತುಂಬ ತಿಂದರೂ ಹಾಲು ಇಳಿದದ್ದು ಯಾಕೆ ಎಂದು ನನಗೆ ತಿಳಿದದ್ದು ಹೀಗೆ.

ಇನ್ನು ಮೀಟರಿನ ಕೆಲಸಕ್ಕೆ ಬರುತ್ತೇನೆ. ಅದು ಕೊಯ್ಲಿಗಾಗಿ ಮಾಡಿದ್ದಾದರೂ ವರ್ಷದಲ್ಲಿ ಮೊದಲು ಕೈಗೆ ಬರುವುದು ವಸಂತದಲ್ಲಿ, ಬಿತ್ತನೆಗೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಮಣ್ಣಿನ ಮಾತೇ ಇಲ್ಲ. ಚಳಿಗಾಲದ ಕೊನೆಗೆ ಒಂದು ದಿನ ನಾನೇ ಸುಮ್ಮನೆ ಹೊಲದಲ್ಲಿ ಚುಚ್ಚಿ ನೋಡಿದೆ. ತೇವಾಂಶದ ಗುಂಡಿ ಒತ್ತಿದರೆ ಮಣ್ಣಿನಲ್ಲಿ ಎಲ್ಲಿ ನೋಡಿದರೂ ಅಂಕಿ ಮೇಲಿನ ಮಿತಿಗೇ ಹೋಗಿ ನಿಲ್ಲುತ್ತದೆ, ಅದನ್ನು ಮರೆತುಬಿಡಿ. ಮಣ್ಣಿನ ಹದ ನೋಡಲು ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡುವುದೇ ಸರಿ. ಪುಡಿಯಾದರೆ ಹದ, ಚಪ್ಪಟೆಯಾಗಿ ಬಿದ್ದರೆ ಇನ್ನೂ ಹಸಿ. ಆದರೆ ಕಾವಿನ ಗುಂಡಿ ಮಣ್ಣಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ, ಬೀಜ ಬೀಳುವ ಆಳದಲ್ಲಿ, ಅಂದರೆ ಸುಮಾರು 5 ಸೆಂಟಿಮೀಟರಿನಲ್ಲಿ ನೋಡಬೇಕು. ಮಧ್ಯಾಹ್ನ ನೋಡಿದರೆ ಬಿಸಿಲಿಗೆ ಮೇಲ್ಮಣ್ಣು ಕಾದು ಆಸೆ ತೋರಿಸುತ್ತದೆ.

ಓಟ್ಸ್ ಮತ್ತು ಬಟಾಣಿಗೆ 5 ಡಿಗ್ರಿ ಇದ್ದರೂ ಮೊಳಕೆ ಬರುತ್ತದೆ. ಮೆಕ್ಕೆಜೋಳಕ್ಕೆ ಕಡಿಮೆಯೆಂದರೂ 10 ಬೇಕು, ಹುರುಳಿಕಾಯಿ ಜಾತಿಯವಕ್ಕೆ 15ರ ಮೇಲೆ. ಮೆಕ್ಕೆಜೋಳದ ಬೀಜಕ್ಕೆ ಮೊದಲ ಒಂದೆರಡು ದಿನ ಹೀರುವ ನೀರೇ ತಣ್ಣಗಿದ್ದರೆ ಒಳಗಿನ ಪೊರೆಗಳು ಕೆಡುತ್ತವೆ, ಆಮೇಲೆ ಎಷ್ಟು ಬಿಸಿಲು ಬಂದರೂ ಮೊಳಕೆ ಸೊಟ್ಟಗಾಗಿ ಮಣ್ಣೊಳಗೇ ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಮೇಲಿನ ಹೊಲ ಇಳಿಜಾರಿನದು, ಮರಳು ಮಣ್ಣು. ತಗ್ಗಿನ ಹೊಲ ಜೇಡಿ. ಎರಡಕ್ಕೂ ಒಂದೇ ದಿನ ಕೂರಿಗೆ ಹೂಡುವುದು ಮಾವನ ಕಾಲದಿಂದ ನಡೆದು ಬಂದಿತ್ತು. ಮೊದಲ ವಸಂತದಲ್ಲಿ ಅಳೆದಾಗ ಮೇಲಿನ ಹೊಲ 10 ಮುಟ್ಟಿ ಎಂಟು ದಿನ ಕಳೆದ ಮೇಲೆ ತಗ್ಗಿನದು ಮುಟ್ಟಿತು. ಹಸಿ ಜೇಡಿ ನಿಧಾನಕ್ಕೆ ಕಾಯುತ್ತದೆ ಎಂದು ಕೇಳಿದ್ದೆವು, ಎಂಟು ದಿನದ ಅಂತರ ಅಂದುಕೊಂಡಿರಲಿಲ್ಲ. ಆ ವರ್ಷ ಎರಡು ಕಂತಿನಲ್ಲಿ ಬಿತ್ತಿದೆವು. ತಗ್ಗಿನ ಹೊಲದಲ್ಲಿ ಪ್ರತಿ ವರ್ಷ ಮರುಬಿತ್ತನೆ ಮಾಡುತ್ತಿದ್ದ ಮೂಲೆಯೂ ಸೇರಿ ಸಾಲು ಒಡಕಿಲ್ಲದೆ ಎದ್ದಿತು. ಇದೊಂದಕ್ಕೇ ಆದರೂ ಈ ಮೀಟರ್ ನನಗೆ ಬೇಕು.

ಒಂದು ಎಚ್ಚರಿಕೆ. ಮಣ್ಣಿಗೆ ಚುಚ್ಚಿದ ಸರಳನ್ನು ಹಾಗೇ ಹುಲ್ಲಿಗೆ ಒಯ್ಯಬೇಡಿ. ಆ ಬಿಳಿ ಉಂಗುರದ ಮೇಲೆ ಮಣ್ಣಿನ ಪದರ ಅಂಟಿದರೆ ವಿದ್ಯುತ್ ಹುಲ್ಲಿನ ಬದಲು ಮಣ್ಣಿನ ಮೇಲೇ ಹಾಯ್ದು ಒಣಹುಲ್ಲಿಗೂ 30 ತೋರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ ಇಡಬೇಕು.

ಹುಲ್ಲಿಗೆ ತಂದಾಗ ಮೊದಲ ಕೊಯ್ಲಿನಲ್ಲೇ ಮೋಸ ಹೋಗುವುದರಲ್ಲಿದ್ದೆ. ಸಾಲಿನಲ್ಲಿದ್ದ ಹುಲ್ಲಿಗೆ ಚುಚ್ಚಿದೆ, 13 ಅಂದಿತು. ಸಣ್ಣ ಚೌಕ ಪೆಂಡಿಗೆ ಶೇ 18ರಿಂದ 20 ಇದ್ದರೆ ಸಾಕು, ದೊಡ್ಡ ಉರುಳೆ ಪೆಂಡಿಗೆ 16ರಿಂದ 18, ದೊಡ್ಡ ಚೌಕಕ್ಕೆ ಇನ್ನೂ ಕಡಿಮೆ. ಪೆಂಡಿ ದೊಡ್ಡದಾದಷ್ಟೂ, ಬಿಗಿಯಾದಷ್ಟೂ ತೇವ ಹೊರಬರುವುದು ಕಷ್ಟ. 13 ಅಂದರೆ ಬೇಕಾದ್ದಕ್ಕಿಂತ ಒಣಗಿದೆ ಎಂದು ಖುಷಿಯಾಗಿ ಪೆಂಡಿ ಕಟ್ಟುವ ಯಂತ್ರವನ್ನು, ಅಂದರೆ ಬೇಲರನ್ನು ಹೊಲಕ್ಕೆ ಇಳಿಸಿದೆವು. ಮೊದಲ ಪೆಂಡಿ ಹೊರಗೆ ಬಿದ್ದ ಮೇಲೆ ಅದಕ್ಕೆ ಚುಚ್ಚಿದರೆ 22! ಕೆಟ್ಟುಹೋಗಿದೆ ಅಂದುಕೊಂಡು ಬ್ಯಾಟರಿ ತೆಗೆದು ಹಾಕಿದೆ, ಮತ್ತೆ 22.

ಮೀಟರ್ ಕೆಟ್ಟಿರಲಿಲ್ಲ. ಸಡಿಲ ಹುಲ್ಲಿನಲ್ಲಿ ಸರಳಿಗೆ ತಾಗುವುದು ಹುಲ್ಲಿಗಿಂತ ಗಾಳಿಯೇ ಜಾಸ್ತಿ, ಅದಕ್ಕೇ ಅಂಕಿ ಕಡಿಮೆ ಬರುತ್ತದೆ. ಇದನ್ನು ಪುಸ್ತಿಕೆಯ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ, ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಈಗ ನಾನು ಮಾಡುವುದು ಹೀಗೆ. ಹೊಲದ ಹತ್ತು ಕಡೆಯಿಂದ, ಸಾಲಿನ ಮೇಲಿನ ಹುಲ್ಲಲ್ಲ, ಅಡಿಯಲ್ಲಿ ನೆಲಕ್ಕೆ ತಾಗಿದ ಹುಲ್ಲು ಒಂದೊಂದು ಹಿಡಿ ತೆಗೆಯುತ್ತೇನೆ. ಮರದ ನೆರಳು ಬೀಳುವ ಜಾಗ, ಟ್ರ್ಯಾಕ್ಟರ್ ತಿರುಗಿಸುವಾಗ ಸಾಲು ದಪ್ಪವಾಗುವ ಮೂಲೆ, ಇವನ್ನು ಬಿಡುವುದಿಲ್ಲ. ಎಲ್ಲವನ್ನೂ ಒಂದು ಬಕೆಟಿಗೆ ತುರುಕಿ, ಕಾಲಲ್ಲಿ ತುಳಿದು, ಇನ್ನು ಹಿಡಿಸುವುದಿಲ್ಲ ಅನ್ನುವಷ್ಟು ಬಿಗಿ ಮಾಡಿ ಚುಚ್ಚುತ್ತೇನೆ. ಆಗ ಬರುವ ಅಂಕಿಗೂ ಪೆಂಡಿಯ ಅಂಕಿಗೂ ಎರಡು ಮೂರರ ವ್ಯತ್ಯಾಸವಷ್ಟೇ. ಬಕೆಟಿನಲ್ಲಿ 16 ಬಂದರೆ ಬೇಲರ್ ಇಳಿಸಿ ಒಂದು ಪೆಂಡಿ ಕಟ್ಟಿಸಿ ಅದಕ್ಕೆ ಚುಚ್ಚಿ ನೋಡಿ ಮುಂದುವರಿಯುತ್ತೇವೆ.

ಮೀಟರಿನ ಮಾತು ನಿಜವೋ ಎಂದು ಅಳೆದು ನೋಡಲು ಮನೆಯ ಮೈಕ್ರೋವೇವ್ ಒಲೆ ಸಾಕು. ಪೆಂಡಿಯ ಒಳಗಿನಿಂದ ಸರಿಯಾಗಿ 100 ಗ್ರಾಂ ಹುಲ್ಲು ತೂಗಿ, ಬೆರಳುದ್ದಕ್ಕೆ ಕತ್ತರಿಸಿ ತಟ್ಟೆಯಲ್ಲಿ ಹರಡಿ. ಒಲೆಯ ಮೂಲೆಯಲ್ಲಿ ಒಂದು ಲೋಟ ನೀರು ಇಡಲೇಬೇಕು, ಇಲ್ಲದಿದ್ದರೆ ಹುಲ್ಲು ಹೊತ್ತಿಕೊಳ್ಳುತ್ತದೆ. ಮೊದಲು ಎರಡು ನಿಮಿಷ, ಆಮೇಲೆ ಅರ್ಧರ್ಧ ನಿಮಿಷ ಕಾಯಿಸಿ ಪ್ರತಿ ಸಲ ತೂಗಿ. ಎರಡು ಸಲ ಒಂದೇ ತೂಕ ಬಂದಾಗ ನಿಲ್ಲಿಸಿ. 81 ಗ್ರಾಂ ಉಳಿದರೆ ತೇವ ಶೇ 19. ನಾನು ಹೀಗೆ ಹದಿನಾಲ್ಕು ಸಲ ಹೋಲಿಸಿದ್ದೇನೆ. ಬರೀ ಹುಲ್ಲಿನಲ್ಲಿ ಮೀಟರ್ ಒಂದೆರಡು ಅಂಕ ಕಡಿಮೆ ಹೇಳುತ್ತದೆ. ಕ್ಲೋವರ್ ಅರ್ಧಕ್ಕಿಂತ ಹೆಚ್ಚಿರುವ ಹೊಲದ ಹುಲ್ಲಿನಲ್ಲಿ ಮೀಟರ್ 18 ಅಂದಾಗ ಒಲೆ 22 ಅಂದಿದೆ. ಈ ವ್ಯತ್ಯಾಸವನ್ನು ಹಿಡಿಯ ಮೇಲೆ ಟೇಪ್ ಅಂಟಿಸಿ ಬರೆದಿಟ್ಟಿದ್ದೇನೆ. ನಿಮ್ಮ ಹುಲ್ಲಿಗೆ ನೀವೇ ಒಮ್ಮೆ ಹೋಲಿಸಿ ನೋಡದೆ ಇದರ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ.

ಅತ್ತೆಯ ಉಗುರಿನ ಪರೀಕ್ಷೆ ನನಗೆ ಎಷ್ಟು ಕೆಲಸಕ್ಕೆ ಬಂದಿದೆ ಎಂದು ಹೇಳಲೇಬೇಕು. ಹೋದ ವರ್ಷ ಎರಡನೇ ಕೊಯ್ಲಿನಲ್ಲಿ ಸಂಜೆ ನಾಲ್ಕಕ್ಕೆ ಬಕೆಟಿನಲ್ಲಿ 16 ಬಂತು. ಪಕ್ಕದಲ್ಲಿ ನಿಂತಿದ್ದ ಅತ್ತೆಗೆ ಪರದೆ ತೋರಿಸಿದೆ. ಅವರು ಅದನ್ನು ನೋಡಿ, ಬಗ್ಗಿ ದಪ್ಪನೆಯ ಒಂದು ಕ್ಲೋವರ್ ಕಾಂಡ ಆರಿಸಿ ತೆಗೆದರು. ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಾಂಡವನ್ನು ತೋರುಬೆರಳ ಮೇಲೆ ಇಟ್ಟು ಹೆಬ್ಬೆರಳಿನ ಉಗುರಲ್ಲಿ ಮೆಲ್ಲಗೆ ಕೆರೆದರು. ತೆಳ್ಳನೆಯ ಹಸಿರು ಸಿಪ್ಪೆ ಸುರುಳಿಯಾಗಿ ಎದ್ದು ಬಂತು, ಅಡಿಯಲ್ಲಿ ಬಿಳಿಯ ನಾರು ಮಿನುಗುತ್ತಿತ್ತು. "ಎಲೆ ಒಣಗಿದೆ, ದಂಟು ಒಣಗಿಲ್ಲ. ನಿನ್ನ ಯಂತ್ರ ಎಲೆ ನೋಡಿ ಹೇಳ್ತಿದೆ ಕಣಮ್ಮ." ಒಂದೇ ಒಂದು ಪೆಂಡಿ ಕಟ್ಟಿಸಿ ನೆರಳಿನಲ್ಲಿ ಬಿಟ್ಟೆವು. ಮರುದಿನ ಬೆಳಿಗ್ಗೆ ಅದೇ ಪೆಂಡಿಗೆ ಚುಚ್ಚಿದೆ, 21. ರಾತ್ರಿಯಲ್ಲಿ ದಂಟಿನ ನೀರು ಎಲೆಗೆ ಹರಡಿಕೊಂಡಿತ್ತು. ಉಳಿದ ಹುಲ್ಲನ್ನು ಅವತ್ತು ಸಂಜೆ ಕಟ್ಟಿದ್ದರೆ ಹಿಂದಿನ ಕತೆಯೇ ಮತ್ತೆ ಆಗುತ್ತಿತ್ತು. ಈಗ ಪೆಂಡಿ ಕಟ್ಟುವ ಹದ ನೋಡಲು, ಸಿಪ್ಪೆ ಏಳುತ್ತಿರುವವರೆಗೂ ಮೀಟರನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ. ಸಿಪ್ಪೆ ಏಳುವುದು ನಿಂತ ಮೇಲೆ ಅದರ ಕೆಲಸ ಶುರು.

ಇದಕ್ಕೆ ತಿರುಗುಮುರುಗಾದ ಲಾಭವೂ ಆಗಿದೆ, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಆ ಭಯದ ವರ್ಷದ ನಂತರ ಯಾವ ಹುಲ್ಲನ್ನೂ ಇನ್ನೊಂದು ದಿನ ಒಣಗಲಿ, ಮತ್ತೊಂದು ದಿನ ಒಣಗಲಿ ಎಂದು ಬಿಡುವ ಮನಸ್ಸಾಗಿತ್ತು. ಕ್ಲೋವರ್, ಕುದುರೆ ಮೆಂತ್ಯದಂಥ ಮೇವಿನಲ್ಲಿ ಪ್ರೋಟೀನ್ ಇರುವುದು ಬಹುಪಾಲು ಎಲೆಯಲ್ಲಿ. ಅತಿಯಾಗಿ ಒಣಗಿದ ಮೇಲೆ ತಿರುವಿದರೆ, ಸಾಲು ಕೂಡಿಸಿದರೆ ಎಲೆ ಉದುರಿ ಹೊಲದಲ್ಲೇ ಉಳಿಯುತ್ತದೆ, ನಾವು ಮನೆಗೆ ತರುವುದು ಕಡ್ಡಿ. ತೇವ ಶೇ 40ಕ್ಕಿಂತ ಮೇಲಿರುವಾಗಲೇ ಸಾಲು ಕೂಡಿಸಿಬಿಟ್ಟರೆ ಎಲೆ ನಿಲ್ಲುತ್ತದೆ. ಅದು ಈ ಮೀಟರಿನ ಮೇಲಿನ ಮಿತಿಯ ಹತ್ತಿರ, ಅಲ್ಲಿ ಅಂಕಿ ಅಷ್ಟು ನಿಖರವಲ್ಲ, ಆದರೂ ಅಂದಾಜಿಗೆ ಸಾಕಾಗುತ್ತದೆ. ತಡವಾಗಿದೆ ಎಂದು ಗೊತ್ತಾದರೆ ಮರುದಿನ ನಸುಕಿನಲ್ಲಿ ಇಬ್ಬನಿ ಇರುವಾಗ ಕೂಡಿಸುತ್ತೇವೆ. ಹೋದ ಚಳಿಗಾಲದ ಪೆಂಡಿಗಳನ್ನು ಬಿಚ್ಚಿದಾಗ ಎಲೆ ಹಸಿರಾಗಿ ದಂಟಿಗೆ ಅಂಟಿಕೊಂಡಿದ್ದವು, ಒಳಗೆ ಚಹಾಪುಡಿಯಂಥ ಪರಿಮಳ. ಕೊಟ್ಟಿಗೆಯಲ್ಲಿ ಧೂಳೇ ಏಳಲಿಲ್ಲ. ಮುಗ್ಗಲು ಹುಲ್ಲು ಬಿಚ್ಚಿದ ದಿನಗಳಲ್ಲಿ ನಾಲ್ಕೆಂಟು ಗಂಟೆ ಕಳೆದ ಮೇಲೆ ನಮ್ಮ ಯಜಮಾನರಿಗೆ ಚಳಿಜ್ವರ, ಉಸಿರುಕಟ್ಟು ಬರುತ್ತಿತ್ತು. ಬೂಷ್ಟಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಈ ಕಾಯಿಲೆಗೆ ರೈತರ ಹೆಸರೇ ಅಂಟಿಕೊಂಡಿದೆ ಎಂದು ವೈದ್ಯರು ಹೇಳಿದಾಗ ನನಗೆ ತುಂಬ ನೋವಾಯಿತು. ಎರಡು ಚಳಿಗಾಲದಿಂದ ಅವರಿಗೆ ಅದು ಬಂದಿಲ್ಲ.

ಪೆಂಡಿಗೆ ಚುಚ್ಚುವುದರಲ್ಲೂ ಒಂದು ಕ್ರಮವಿದೆ. ಚೌಕ ಪೆಂಡಿಯಲ್ಲಿ ಹುಲ್ಲು ಪದರ ಪದರವಾಗಿ ಕೂತಿರುತ್ತದೆ. ಪಕ್ಕದಿಂದ ಚುಚ್ಚಿದರೆ ಸರಳು ಎರಡು ಪದರಗಳ ನಡುವೆ ಜಾರಿ ಅಂಕಿ ಕಡಿಮೆ ಬರುತ್ತದೆ, ತುದಿಯಿಂದ ಚುಚ್ಚಿದರೆ ಪದರಗಳನ್ನು ಅಡ್ಡ ಹಾಯುತ್ತದೆ. ಸರಾಸರಿ ತೆಗೆಯಬೇಡಿ. ಹತ್ತು ಪೆಂಡಿಯಲ್ಲಿ ಒಂಬತ್ತು 16, ಒಂದು 26 ಇದ್ದರೆ ಸರಾಸರಿ 17, ನೋಡಲು ಚಂದ. ಆದರೆ ಕಾವು ಹುಟ್ಟುವುದು ಆ ಒಂದರಲ್ಲಿ. ಅಂಥದಕ್ಕೆ ಕೆಂಪು ದಾರ ಕಟ್ಟಿ ಹೊರಗೇ ಬಿಡಿಬಿಡಿಯಾಗಿ ಇಡುತ್ತೇವೆ, ಶೆಡ್ಡಿಗೆ ಒಯ್ಯುವುದಿಲ್ಲ.

ಬಣವೆ ಒಟ್ಟಿದ ಮೇಲೆ ಎರಡನೇ ಗುಂಡಿಯ ಕಾಲ. ಚೆನ್ನಾಗಿ ಒಣಗಿದ ಹುಲ್ಲೂ ಮೊದಲ ವಾರ ಸ್ವಲ್ಪ ಬೆವರುತ್ತದೆ, ಅದಕ್ಕೆ ಗಾಬರಿ ಬೇಡ. ಕಳೆದ ವರ್ಷದ ಮೊದಲ ಬಣವೆ ಎರಡನೇ ದಿನ 34, ನಾಲ್ಕನೇ ದಿನ 43, ಆರನೇ ದಿನ 47 ಮುಟ್ಟಿ ಅಲ್ಲಿಂದ ಇಳಿಯಿತು. ಇನ್ನೊಂದು ಬಣವೆ ಎಂಟನೇ ದಿನ 58ಕ್ಕೆ ಹೋಯಿತು. ಆ ಕಡೆಯ ಮೂವತ್ತು ಪೆಂಡಿ ಬಿಚ್ಚಿ ಗಾಳಿಗೆ ಹರಡಿದೆವು, ಎರಡು ದಿನದಲ್ಲಿ ತಣ್ಣಗಾದವು. ಮೀಟರ್ ಇಲ್ಲದಿದ್ದರೆ ವಾಸನೆ ಬರುವವರೆಗೂ ನಮಗೆ ತಿಳಿಯುತ್ತಿರಲಿಲ್ಲ. 50 ಡಿಗ್ರಿಯ ಆಸುಪಾಸಿನವರೆಗೆ ಚಿಂತೆಯಿಲ್ಲ. 65 ದಾಟಿದರೆ ಅಪಾಯದ ಗಡಿ, ದಿನವೂ ನೋಡಬೇಕು. 70 ದಾಟಿದರೆ ನಾಲ್ಕು ಗಂಟೆಗೊಮ್ಮೆ. 80ರ ಹತ್ತಿರ ಬಂದರೆ ಒಂದು ಪೆಂಡಿಯನ್ನೂ ಅಲುಗಿಸದೆ ಮೊದಲು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ದನಗಳನ್ನು ಹೊರಗೆ ಬಿಡಿ. ಬಿಸಿ ಇರಬಹುದೆಂಬ ಅನುಮಾನವಿರುವ ಬಣವೆಯ ಮೇಲೆ ಹಲಗೆ ಹಾಸದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ, ಇನ್ನೊಬ್ಬರು ಜೊತೆಗಿಲ್ಲದೆ ಕಾಲಿಡಬೇಡಿ.

ಇಲ್ಲೇ ಮೀಟರಿನ ದೊಡ್ಡ ಕೊರತೆಯೂ ಇರುವುದು. 50 ಸೆಂಟಿಮೀಟರ್ ಸರಳು ಒಂದು ಪೆಂಡಿಯ ಹೊಟ್ಟೆಗೆ ಸಾಕು, ಬಣವೆಯ ಹೊಟ್ಟೆಗೆ ಸಾಲದು. ಕಾವು ಹೆಚ್ಚಿರುವುದು ನಡುವಿನಲ್ಲಿ. ನಾವು ಮೂರು ಮೀಟರ್ ಉದ್ದದ ಕಬ್ಬಿಣದ ಪೈಪಿನ ತುದಿ ಚೂಪು ಮಾಡಿ, ಕೆಳಗಿನ ಒಂದು ಮೊಳಕ್ಕೆ ತೂತು ಕೊರೆಸಿ ಬಣವೆಗೆ ಇಳಿಸಿದ್ದೇವೆ. ಅದರೊಳಕ್ಕೆ ತಂತಿಯಲ್ಲಿ ಸಾದಾ ಥರ್ಮಾಮೀಟರ್ ಇಳಿಬಿಟ್ಟು ಹದಿನೈದು ನಿಮಿಷ ಕಾದು ಎಳೆದು ನೋಡುತ್ತೇವೆ. ಹೊರಗಿನ ಎರಡು ಸಾಲಿಗೆ ಮೀಟರ್, ನಡುವಿಗೆ ಪೈಪು. ನೀವು ಕೊಳ್ಳುವುದಾದರೆ ಇನ್ನೂ ಉದ್ದದ ಸರಳು ಸಿಗುತ್ತದೆಯೇ ಕೇಳಿ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಉಳಿದ ದೂರುಗಳು ಸಣ್ಣವು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬೆನ್ನು ತಿರುಗಿಸಿ ಮೈನೆರಳಿನಲ್ಲಿ ಓದಬೇಕು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಇಳಿದಾಗ ಎಚ್ಚರಿಕೆಯ ಗುರುತು ಬರುವ ಮೊದಲೇ ಅಂಕಿ ಕಡಿಮೆ ತೋರಿಸತೊಡಗುತ್ತದೆ. ಹುಲ್ಲಿನಲ್ಲಿ ಕಡಿಮೆ ತೋರಿಸುವುದೇ ಅಪಾಯ, ಹಾಗಾಗಿ ಪ್ರತಿ ಕೊಯ್ಲಿಗೂ ಹೊಸ ಬ್ಯಾಟರಿ ಹಾಕುತ್ತೇನೆ. ಎರಡನೇ ವರ್ಷ ಆ ಬಿಳಿ ಉಂಗುರ ಸೀಳಿತು. ಮಾರಿದವರಿಗೆ ಬರೆದರೆ ಉತ್ತರ ಬರಲು ಮೂರು ವಾರವಾಯಿತು, ಕೊಯ್ಲು ನಡೆಯುತ್ತಿದ್ದ ಮೂರು ವಾರ. ಹೊಸ ಸರಳು ಪುಕ್ಕಟೆಯಾಗಿಯೇ ಕಳಿಸಿದರು, ಅದಕ್ಕೆ ಕೃತಜ್ಞತೆಯಿದೆ, ಆದರೆ ಅಷ್ಟು ದಿನ ನಾವು ಒಲೆಯನ್ನೂ ಉಗುರನ್ನೂ ನಂಬಿ ಕೆಲಸ ಮಾಡಿದೆವು. ಹುಲ್ಲು ಕೆಡದಂತೆ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸುವವರು ಇನ್ನೊಂದು ತಿಳಿದಿರಲಿ, ಸಿಂಪಡಿಸಿದ ಹುಲ್ಲಿಗೆ ಈ ಬಗೆಯ ಮೀಟರ್ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ವರ್ಷಕ್ಕೆ ಹತ್ತಿಪ್ಪತ್ತು ಕಂತೆ ಕೈಯಲ್ಲೇ ಕಟ್ಟಿ ಬಯಲಿನಲ್ಲಿ ಬಣವೆ ಹಾಕುವವರಿಗೆ ಇದು ಬೇಡ, ಉಗುರಿನ ಪರೀಕ್ಷೆ ಸಾಕು. ನೂರಾರು ಪೆಂಡಿಗಳನ್ನು ಸೂರಿನಡಿ, ಅದೂ ದನದ ಕೊಟ್ಟಿಗೆಗೆ ಅಂಟಿದ ಶೆಡ್ಡಿನಲ್ಲಿ ಒಟ್ಟುವವರು ದಯವಿಟ್ಟು ಇನ್ನೊಂದು ಕೊಯ್ಲಿಗೆ ಮುಂದೂಡಬೇಡಿ. ತೇವಾಂಶ ಮಾತ್ರ ತೋರಿಸುವ ಮೀಟರ್ ತರಬೇಡಿ, ಕಾವನ್ನೂ ತೋರಿಸುವುದನ್ನೇ ತನ್ನಿ.

ಇವತ್ತು ಬೆಳಿಗ್ಗೆ ಎಂಟಕ್ಕೆ ಮೇಲಿನ ಹೊಲದಲ್ಲಿ 11 ಇತ್ತು, ಸತತ ಮೂರನೇ ದಿನ ಹತ್ತರ ಮೇಲೆ. ತಗ್ಗಿನ ಹೊಲದಲ್ಲಿ ಇನ್ನೂ 8. ಅತ್ತೆ ಬದುವಿನ ಮೇಲೆ ನಿಂತು, "ಎಷ್ಟಮ್ಮ ಇವತ್ತು?" ಅಂತ ಕೂಗಿ ಕೇಳಿದರು. ನಾಳೆ ಮೇಲಿನ ಹೊಲಕ್ಕೆ ಮೆಕ್ಕೆಜೋಳ ಬೀಳುತ್ತದೆ. ಸರಳನ್ನು ಎರಡು ಸಲ ಒರೆಸಿ ಮೊಳೆಗೆ ತೂಗುಹಾಕಿ ಬಂದು ಇದನ್ನು ಬರೆದಿದ್ದೇನೆ.